ಮಸೂರ ಜಾಗ ಬಿಟ್ಟಾಗ



ಕಣ್ಣಿನ ಆರೋಗ್ಯದ ಬಗ್ಗೆ ವೈದ್ಯರೊಡನೆ ಮಾತುಕತೆ ಏರ್ಪಡಿಸಿದಾಗಲೆಲ್ಲ ವೀಕ್ಷಕರಿಂದ ತಪ್ಪದೆ ಬರುವ ಪ್ರಶ್ನೆಯೊಂದಿದೆ. "ಪೊರೆ ತೆಗೆಸಿದ್ದಾಯಿತು. ಒಳಗೆ ಹೊಸ ಲೆನ್ಸ್ ಕೂಡ ಹಾಕಿದ್ದಾರೆ. ಮೊದಮೊದಲು ಚೆನ್ನಾಗಿಯೇ ಕಾಣುತ್ತಿತ್ತು. ಈಗ ಮತ್ತೆ ಮಂಜು. ಯಾಕೆ ಹೀಗೆ?"

ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಅರವತ್ತು ದಾಟಿದವರು. ಉತ್ತರವನ್ನು ನಿಮಗೆ ಹೇಳುತ್ತಿರುವುದಕ್ಕೆ ಎರಡು ಕಾರಣಗಳಿವೆ. ಉತ್ತರದ ಅರ್ಧ ಭಾಗ ನಿಮ್ಮ ಪಠ್ಯಪುಸ್ತಕದ ಬೆಳಕಿನ ಪಾಠದಲ್ಲೇ ಇದೆ ಎಂಬುದು ಮೊದಲನೆಯದು. ಮನೆಯಲ್ಲಿ ಅಜ್ಜಿಯ ಕಣ್ಣಿಗೆ ಔಷಧದ ಹನಿ ಹಾಕುವವರು, ಆಸ್ಪತ್ರೆಯ ಚೀಟಿ ಓದಿ ಹೇಳುವವರು ಬಹುಪಾಲು ನೀವೇ ಎಂಬುದು ಎರಡನೆಯದು.

ಮಸೂರದ ಮನೆ

ನಮ್ಮ ಕಣ್ಣುಗುಡ್ಡೆಯ ಉದ್ದ ಸುಮಾರು 24 ಮಿಲಿಮೀಟರ್. ಬೆಳಕು ಮೊದಲು ಕಾರ್ನಿಯಾ ಎಂಬ ಪಾರದರ್ಶಕ ಪಟಲವನ್ನು ದಾಟಿ, ಪಾಪೆಯ ಮೂಲಕ ಒಳಹೊಕ್ಕು, ಅದರ ಹಿಂದಿರುವ ಮಸೂರವನ್ನು ಹಾಯ್ದು, ಹಿಂಭಾಗದ ಅಕ್ಷಿಪಟಲದ ಮೇಲೆ ಬೀಳುತ್ತದೆ. ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್. ಇದರಲ್ಲಿ ಮೂರನೆಯ ಎರಡು ಪಾಲು ಕಾರ್ನಿಯಾದ್ದು, ಉಳಿದದ್ದು ಮಸೂರದ್ದು.

ಈ ಮಸೂರ ಒಂದು ತೆಳುವಾದ ಪಾರದರ್ಶಕ ಚೀಲದೊಳಗೆ ಕುಳಿತಿದೆ. ಚೀಲವನ್ನು ಸುತ್ತಲಿನಿಂದ ನೂರಾರು ಸೂಕ್ಷ್ಮ ಎಳೆಗಳು ಹಿಡಿದು ನಿಲ್ಲಿಸಿವೆ. ತೊಟ್ಟಿಲನ್ನು ಎಲ್ಲ ಕಡೆಯಿಂದಲೂ ಹಗ್ಗ ಕಟ್ಟಿ ಅಲುಗದಂತೆ ಬಿಗಿದ ಹಾಗೆ ಎಂದುಕೊಳ್ಳಿ. ವಯಸ್ಸಾದಂತೆ ಮಸೂರದ ಪ್ರೋಟೀನು ಕದಡಿ ಅದು ತನ್ನ ತಿಳಿಯನ್ನು ಕಳೆದುಕೊಳ್ಳುತ್ತದೆ. ಇದೇ ಕಣ್ಣಿನ ಪೊರೆ.

ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಚೀಲದ ಮುಂಭಾಗದಲ್ಲಿ ಸುಮಾರು 5 ಮಿಲಿಮೀಟರ್ ಅಗಲದ ದುಂಡನೆಯ ಕಿಟಕಿ ತೆರೆಯುತ್ತಾರೆ. ಮಬ್ಬಾದ ಮಸೂರವನ್ನು ಶ್ರವಣಾತೀತ ಕಂಪನದಿಂದ ಪುಡಿಮಾಡಿ ಹೀರಿ ತೆಗೆಯುತ್ತಾರೆ. ಖಾಲಿಯಾದ ಅದೇ ಚೀಲದೊಳಗೆ ಕೃತಕ ಮಸೂರವನ್ನು ಇಡುತ್ತಾರೆ. ಇದರ ನಡುಭಾಗ ಸುಮಾರು 6 ಮಿಲಿಮೀಟರ್ ಅಗಲ. ಎರಡು ಬದಿಗಳಲ್ಲಿ ಬಾಗಿದ ತೋಳುಗಳಿರುತ್ತವೆ. ಈ ತೋಳುಗಳು ಚೀಲದ ಅಂಚನ್ನು ಮೃದುವಾಗಿ ಒತ್ತಿ ಮಸೂರವನ್ನು ನಡುವೆ ನಿಲ್ಲಿಸುತ್ತವೆ. ಚೀಲದ ಹಿಂಗೋಡೆ ನಡುವಿನಲ್ಲಿ ಕೇವಲ 4 ಮೈಕ್ರಾನಿನಷ್ಟು, ಅಂದರೆ ತಲೆಗೂದಲಿಗಿಂತಲೂ ಎಷ್ಟೋ ಪಾಲು ತೆಳು. ಹೊಸ ಮಸೂರದ ಭದ್ರತೆಯೆಲ್ಲ ಈ ಚೀಲ ಮತ್ತು ಎಳೆಗಳನ್ನು ನಂಬಿಕೊಂಡಿದೆ.

ಭೂತಗನ್ನಡಿಯ ಪ್ರಯೋಗ

ಮಸೂರ ತಿಳಿಯಾಗಿದ್ದರೆ ಸಾಲದು, ಸರಿಯಾದ ಜಾಗದಲ್ಲೂ ಇರಬೇಕು. ಇದನ್ನು ನೀವೇ ಪರೀಕ್ಷಿಸಬಹುದು. ಹಗಲಿನಲ್ಲಿ ಕಿಟಕಿಯ ಎದುರಿನ ಗೋಡೆಯ ಬಳಿ ಒಂದು ಭೂತಗನ್ನಡಿ ಹಿಡಿಯಿರಿ. ಹಿಂದೆ ಮುಂದೆ ಸರಿಸುತ್ತಾ ಹೋದರೆ ಒಂದು ದೂರದಲ್ಲಿ ಕಿಟಕಿಯ ಪ್ರತಿಬಿಂಬ ತಲೆಕೆಳಗಾಗಿ, ಸ್ಪಷ್ಟವಾಗಿ ಗೋಡೆಯ ಮೇಲೆ ಮೂಡುತ್ತದೆ. ಈಗ ಗಾಜನ್ನು ತುಸು ಮುಂದಕ್ಕೆ ತನ್ನಿ, ಚಿತ್ರ ಮಸುಕಾಗುತ್ತದೆ. ಮೊದಲಿನ ಜಾಗಕ್ಕೆ ತಂದು ಓರೆ ಮಾಡಿ, ಕಂಬಿಗಳು ಎಳೆದಂತೆ ಹರಡುತ್ತವೆ. ಪಕ್ಕಕ್ಕೆ ಸರಿಸಿ, ಚಿತ್ರವೇ ಜಾಗ ಬದಲಿಸುತ್ತದೆ. ಗಾಜು ಮಾತ್ರ ಮೊದಲಿನಷ್ಟೇ ಸ್ವಚ್ಛ! (ಭೂತಗನ್ನಡಿಯಿಂದ ಸೂರ್ಯನನ್ನು ಎಂದೂ ನೋಡಬೇಡಿ.)

ನಮ್ಮ ಸ್ಟುಡಿಯೋದಲ್ಲೂ ಇದು ನಿತ್ಯದ ಅನುಭವ. ಕ್ಯಾಮೆರಾದ ಲೆನ್ಸಿಗೂ ಅದರ ಹಿಂದಿನ ಸಂವೇದಕಕ್ಕೂ ನಡುವಿನ ಅಂತರ ಕೂದಲೆಳೆಯಷ್ಟು ವ್ಯತ್ಯಾಸವಾದರೂ, ಹತ್ತಿರದಿಂದ ಸ್ಪಷ್ಟವಾಗಿದ್ದ ಮುಖ ದೃಶ್ಯ ಅಗಲವಾದೊಡನೆ ಮಂಜಾಗುತ್ತದೆ. ಕ್ಯಾಮೆರಾದಲ್ಲಾದರೆ ತಿರುಪು ತಿರುಗಿಸಿ ಸರಿಪಡಿಸಬಹುದು. ಕಣ್ಣಿನಲ್ಲಿ ಅಂಥ ತಿರುಪಿಲ್ಲ.

ಕಣ್ಣಿನೊಳಗಿನ ಮಸೂರ ಒಂದೇ ಮಿಲಿಮೀಟರ್ ಮುಂದೆ ಬಂದರೆ ಸಾಕು, ಸಾಮಾನ್ಯವಾಗಿ ಒಂದು ಡಯಾಪ್ಟರಿಗಿಂತ ಹೆಚ್ಚು ಸಮೀಪದೃಷ್ಟಿ ಉಂಟಾಗುತ್ತದೆ. ಹಿಂದೆ ಸರಿದರೆ ದೂರದೃಷ್ಟಿ. ಅಸ್ಟಿಗ್ಮ್ಯಾಟಿಸಂ ಎಂಬ ಅಸಮದೃಷ್ಟಿಯನ್ನು ಸರಿಪಡಿಸುವ ಟೋರಿಕ್ ಮಸೂರಗಳಲ್ಲಿ ಇನ್ನೊಂದು ತೊಡಕಿದೆ. ಅವು ನಿಗದಿಯಾದ ಕೋನದಲ್ಲೇ ನಿಲ್ಲಬೇಕು. 10 ಡಿಗ್ರಿ ತಿರುಗಿದರೆ ಉಪಯೋಗದ ಸುಮಾರು ಮೂರನೆಯ ಒಂದು ಪಾಲು ಹೋಗುತ್ತದೆ. 30 ಡಿಗ್ರಿ ತಿರುಗಿದರೆ ಹಾಕಿಯೂ ಹಾಕದಂತೆಯೇ.

ಒಂದು ಹಳೆಯ ಕಥೆ

ಇಂದು ತೊಂದರೆ ಎನಿಸುವ ಮಸೂರದ ಸ್ಥಳಾಂತರ ಒಂದು ಕಾಲದಲ್ಲಿ ಚಿಕಿತ್ಸೆಯೇ ಆಗಿತ್ತು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಶಲಾಕೆ ಎಂಬ ಸೂಜಿಯಂಥ ಉಪಕರಣದಿಂದ ಪೊರೆಗೆ ಚಿಕಿತ್ಸೆ ಮಾಡುವ ವರ್ಣನೆಯಿದೆ. ಮಬ್ಬಾದ ಮಸೂರವನ್ನು ಬೆಳಕಿನ ದಾರಿಯಿಂದ ಕೆಳಕ್ಕೆ ತಳ್ಳುವ ಈ ಬಗೆಯ ಚಿಕಿತ್ಸೆ ಶತಮಾನಗಳ ಕಾಲ ಹಲವು ದೇಶಗಳಲ್ಲಿ ನಡೆಯಿತು. ಮಸೂರವನ್ನು ಹೊರಕ್ಕೇ ತೆಗೆಯುವ ವಿಧಾನವನ್ನು ಫ್ರಾನ್ಸಿನ ಜಾಕ್ ಡೇವಿಯಲ್ 1747ರಲ್ಲಿ ಆರಂಭಿಸಿದರು.

ಆದರೆ ಮಸೂರ ಹೋದ ಕಣ್ಣಿಗೆ ಅದರ ಶಕ್ತಿಯನ್ನು ತುಂಬಿಕೊಡುವವರು ಯಾರು? ಆ ಕೆಲಸ ಸುಮಾರು 10 ಡಯಾಪ್ಟರಿನ ದಪ್ಪ ಕನ್ನಡಕದ ಪಾಲಿಗೆ ಬಂತು. ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ನೇತ್ರ ಶಿಬಿರ ನಡೆಸುತ್ತಿದ್ದ ಕಾಲದಲ್ಲಿ, ಪೊರೆ ತೆಗೆಸಿಕೊಂಡ ಹಿರಿಯರ ಗುರುತೇ ಈ ಸೋಡಾಬುಡ್ಡಿ ಕನ್ನಡಕ. ಅದರಲ್ಲಿ ವಸ್ತುಗಳು ಕಾಲು ಭಾಗದಷ್ಟು ದೊಡ್ಡದಾಗಿ ಕಾಣುತ್ತಿದ್ದವು. ಮೆಟ್ಟಿಲು ಇಳಿಯುವುದೇ ಸಾಹಸವಾಗುತ್ತಿತ್ತು.

1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಡಾ. ಹೆರಾಲ್ಡ್ ರಿಡ್ಲಿ ಕಣ್ಣಿನೊಳಗೆ ಮೊದಲ ಕೃತಕ ಮಸೂರ ಇಟ್ಟರು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ವಿಮಾನ ಚಾಲಕರ ಕಣ್ಣಿಗೆ ಹೊಕ್ಕ ಅಕ್ರಿಲಿಕ್ ಚೂರುಗಳು ಅಲ್ಲಿ ತಂಟೆ ಮಾಡದೆ ಉಳಿದುದನ್ನು ಅವರು ಗಮನಿಸಿದ್ದರು. ಆದರೆ ರಿಡ್ಲಿಯವರ ಮಸೂರ ಭಾರವಾದ ಬಿಲ್ಲೆ. ಅದಕ್ಕೆ ತೋಳುಗಳಿರಲಿಲ್ಲ. ಹಾಗಾಗಿ ಕೆಲವರ ಕಣ್ಣಿನಲ್ಲಿ ಅದು ಜಾರಿ ಹಿಂದೆ ಬಿದ್ದುಹೋಯಿತು. ಮುಂದಿನ ದಶಕಗಳ ಸಂಶೋಧನೆಯ ಬಹುಭಾಗ ಒಂದೇ ಪ್ರಶ್ನೆಯ ಸುತ್ತ ನಡೆಯಿತು ಎನ್ನಬಹುದು: ಮಸೂರವನ್ನು ನಿಂತಲ್ಲೇ ನಿಲ್ಲಿಸುವುದು ಹೇಗೆ? 1992ರಲ್ಲಿ ಮದುರೆಯ ಅರವಿಂದ ಕಣ್ಣಾಸ್ಪತ್ರೆಯ ಆರೋಲ್ಯಾಬ್ ಕಡಿಮೆ ಬೆಲೆಯ ಮಸೂರಗಳ ತಯಾರಿಕೆ ಆರಂಭಿಸಿದ ಮೇಲೆ ನಮ್ಮ ಬಡವರಿಗೂ ಅದು ಎಟುಕುವಂತಾಯಿತು.

ಏಕೆ ಸರಿಯುತ್ತದೆ?

ಶಸ್ತ್ರಚಿಕಿತ್ಸೆಯ ನಂತರದ ಮೊದಲ ದಿನಗಳಲ್ಲಿ ಅಥವಾ ವಾರಗಳಲ್ಲಿ ಮಸೂರ ಸರಿದರೆ, ಚೀಲ ಹರಿದಿರುವುದು, ಎಳೆಗಳು ಕಡಿದಿರುವುದು, ಮಸೂರದ ಒಂದು ತೋಳು ಚೀಲದ ಒಳಗೆ ಇನ್ನೊಂದು ಹೊರಗೆ ಉಳಿದಿರುವುದು ಕಾರಣವಾಗಿರಬಹುದು. ಹಲವು ವರ್ಷಗಳ ಬಳಿಕ ಸರಿದರೆ ಸಾಮಾನ್ಯವಾಗಿ ಚೀಲದ ಸಮೇತ ಮಸೂರ ಇಳಿದಿರುತ್ತದೆ, ಏಕೆಂದರೆ ಹಿಡಿದಿದ್ದ ಎಳೆಗಳೇ ಸಡಿಲವಾಗಿವೆ. ಕಣ್ಣಿನೊಳಗೆ ಬಿಳಿ ಹೊಟ್ಟಿನಂಥ ಪದಾರ್ಥ ಸಂಗ್ರಹವಾಗುವ ಒಂದು ಕಾಯಿಲೆ ಇದಕ್ಕೆ ಮುಖ್ಯ ಕಾರಣ. ತೀವ್ರ ಸಮೀಪದೃಷ್ಟಿ, ಕಣ್ಣಿಗೆ ಬಿದ್ದ ಪೆಟ್ಟು, ಹಿಂದೆ ಆಗಿರುವ ಅಕ್ಷಿಪಟಲದ ಶಸ್ತ್ರಚಿಕಿತ್ಸೆ ಇವೂ ಕಾರಣಗಳೇ.

ಇದನ್ನೋದಿ ಗಾಬರಿಯಾಗಬೇಡಿ. ಇದು ಅಪರೂಪದ ತೊಂದರೆ. ಅಮೆರಿಕದ ಮಿನೆಸೋಟಾ ರಾಜ್ಯದ ಒಂದು ಪ್ರದೇಶದ ರೋಗಿಗಳ ದೀರ್ಘ ಅಧ್ಯಯನದಲ್ಲಿ, ಹೀಗೆ ತಡವಾಗಿ ಮಸೂರ ಜಾರುವ ಸಂಭವ 10 ವರ್ಷದ ಹೊತ್ತಿಗೆ ಶೇಕಡಾ 0.1 ಇತ್ತು, 25 ವರ್ಷದ ಹೊತ್ತಿಗೆ ಶೇಕಡಾ 1.7.

ಅಜ್ಜಿ ಏನು ಹೇಳುತ್ತಾರೆ, ಕೇಳಿ

ಮಸೂರ ಪಾಪೆಯ ಅರ್ಧಕ್ಕೆ ಸರಿದಿದ್ದರೆ, ಬೆಳಕಿನ ಒಂದು ಪಾಲು ಮಸೂರದ ಮೂಲಕವೂ ಇನ್ನೊಂದು ಪಾಲು ಅದರ ಹೊರಗಿನಿಂದಲೂ ಹೋಗುತ್ತದೆ. ಆಗ ಒಂದೇ ಕಣ್ಣಿಗೆ ಎರಡು ದೀಪ ಕಾಣುತ್ತವೆ. "ಎರಡೆರಡು ಕಾಣುತ್ತಿದೆ" ಎಂದು ಅಜ್ಜಿ ಹೇಳಿದರೆ, ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿಸಿ ಕೇಳಿ. ಒಂದು ಕಣ್ಣು ಮುಚ್ಚಿದರೂ ಎರಡು ಕಾಣುವುದಾದರೆ, ತೆರೆದಿರುವ ಕಣ್ಣಿನೊಳಗೇ ಏನೋ ವ್ಯತ್ಯಾಸವಾಗಿದೆ ಎಂದರ್ಥ. ಯಾವ ಕಣ್ಣು ಮುಚ್ಚಿದರೂ ಒಂದೇ ಕಾಣುವುದಾದರೆ, ಎರಡು ಕಣ್ಣುಗಳ ಹೊಂದಾಣಿಕೆಯಲ್ಲಿ ತೊಡಕಿದೆ. ಎರಡೂ ವೈದ್ಯರಿಗೆ ತೋರಿಸಬೇಕಾದವೇ. ದೃಶ್ಯ ನಡುಗಿದಂತೆ ಕಾಣುವುದು, ಕಮಾನಿನಂಥ ಅಂಚು ಕಾಣುವುದು, ರಾತ್ರಿ ವಾಹನದ ದೀಪ ಚದುರುವುದು, ಕನ್ನಡಕದ ನಂಬರು ಬೇಗ ಬದಲಾಗುವುದು ಇವೂ ಮಸೂರ ಸರಿದಿರುವ ಸೂಚನೆಗಳಾಗಿರಬಹುದು.

ಹಾಗೆಂದು ಎಲ್ಲ ಮಂಜೂ ಮಸೂರ ಸರಿದುದರಿಂದಲೇ ಬರುವುದಿಲ್ಲ. ಹೆಚ್ಚು ಸಾಮಾನ್ಯವಾದುದು ಬೇರೆಯೇ. ಚೀಲದಲ್ಲಿ ಉಳಿದ ಜೀವಕೋಶಗಳು ಬೆಳೆದು ಹಿಂಗೋಡೆಯನ್ನು ಮಬ್ಬಾಗಿಸುತ್ತವೆ. ಜನ ಇದನ್ನು "ಪೊರೆ ಮತ್ತೆ ಬಂತು" ಎನ್ನುತ್ತಾರೆ. ಹಳೆಯ ಮಸೂರವೇ ಇಲ್ಲದ ಮೇಲೆ ಪೊರೆ ಮತ್ತೆ ಬರುವುದೆಲ್ಲಿಂದ? ಯಾಗ್ ಲೇಸರ್ ಕಿರಣದಿಂದ ಆ ಗೋಡೆಯಲ್ಲಿ ಸಣ್ಣ ಕಿಂಡಿ ಮಾಡಿದರೆ, ಕೆಲವೇ ನಿಮಿಷಗಳ ಕೆಲಸ, ನೋಟ ತಿಳಿಯಾಗುತ್ತದೆ. ಇನ್ನು ಕೆಲವರಿಗೆ ಶಸ್ತ್ರಚಿಕಿತ್ಸೆಯಾದ ಒಂದೆರಡು ತಿಂಗಳೊಳಗೆ ಅಕ್ಷಿಪಟಲದ ನಡುಭಾಗ ಊದಿಕೊಂಡು ಅಕ್ಷರಗಳು ಮಸುಕಾಗುತ್ತವೆ. ಇದಕ್ಕೆ ಔಷಧದ ಹನಿಗಳಿವೆ.

ಆದರೆ ಎರಡು ಸ್ಥಿತಿಗಳಲ್ಲಿ ಒಂದು ದಿನವನ್ನೂ ಕಾಯಬಾರದು. ಶಸ್ತ್ರಚಿಕಿತ್ಸೆಯಾದ ಕೆಲವು ದಿನಗಳಲ್ಲಿ ಕಣ್ಣು ಕೆಂಪಾಗಿ, ನೋವು ಹೆಚ್ಚಿ, ನೋಟ ಇಳಿದರೆ ಅದು ಕಣ್ಣಿನೊಳಗಿನ ಸೋಂಕಾಗಿರಬಹುದು. ಇಲ್ಲಿ ಒಂದೊಂದು ಗಂಟೆಗೂ ಬೆಲೆಯಿದೆ. ಮಿಂಚು ಹೊಳೆದಂತೆ, ಕಪ್ಪು ಚುಕ್ಕೆಗಳು ಏಕಾಏಕಿ ಹೆಚ್ಚಿದಂತೆ, ಪಕ್ಕದಿಂದ ಪರದೆ ಇಳಿದಂತೆ ಕಂಡರೆ ಅಕ್ಷಿಪಟಲ ಕಳಚುತ್ತಿರಬಹುದು. ನೋವಿಲ್ಲ ಎಂದು ಇದನ್ನು ಅಲಕ್ಷಿಸಬಾರದು. ಅಕ್ಷಿಪಟಲ ಕಳಚುವಾಗ ನೋಯುವುದಿಲ್ಲ.

ಸರಿದ ಮಸೂರಕ್ಕೆ ದಾರಿಯೇನು?

ತುಸುವೇ ಸರಿದಿದ್ದರೆ ಕನ್ನಡಕವೇ ಸಾಕಾಗಬಹುದು. ತಿರುಗಿದ ಟೋರಿಕ್ ಮಸೂರವನ್ನು ಮತ್ತೆ ಸರಿಯಾದ ಕೋನಕ್ಕೆ ತಿರುಗಿಸಿ ಕೂರಿಸಬಹುದು. ಹೆಚ್ಚು ಸರಿದ ಮಸೂರವನ್ನು ಕಣ್ಣಿನ ಬಿಳಿಯ ಗೋಡೆಗೆ ಹೊಲಿದು ನಿಲ್ಲಿಸಬಹುದು, ಇಲ್ಲವೇ ತೆಗೆದು ಬೇರೆಯದನ್ನು ಹಾಕಬಹುದು. ಚೀಲವೇ ಇಲ್ಲದ ಕಣ್ಣಿನಲ್ಲಿ ಮಸೂರದ ತೋಳುಗಳನ್ನು ಆ ಗೋಡೆಯೊಳಕ್ಕೆ ಸೇರಿಸಿ ಫೈಬ್ರಿನ್ ಎಂಬ ಅಂಟಿನಿಂದ ಭದ್ರಪಡಿಸುವ ವಿಧಾನವನ್ನು ಚೆನ್ನೈನ ಡಾ. ಅಮರ್ ಅಗರ್ವಾಲ್ 2007ರಲ್ಲಿ ರೂಪಿಸಿದರು. ಮಸೂರ ಪೂರ್ತಿ ಹಿಂದಕ್ಕೆ ಬಿದ್ದಿದ್ದರೆ ಅಕ್ಷಿಪಟಲದ ತಜ್ಞರು ಅಲ್ಲಿನ ಲೋಳೆಯಂಥ ದ್ರವ್ಯವನ್ನು ತೆಗೆದು ಅದನ್ನು ಮೇಲೆತ್ತುತ್ತಾರೆ.

ಎರಡು ಅಂಕಿಗಳು

2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 50 ದಾಟಿದ ಭಾರತೀಯರ ಕುರುಡುತನದಲ್ಲಿ ಶೇಕಡಾ 66.2ಕ್ಕೆ ಕಾರಣ ಪೊರೆ. ಪೊರೆ ಶಸ್ತ್ರಚಿಕಿತ್ಸೆಯ ತೊಡಕುಗಳು ಶೇಕಡಾ 7.2ಕ್ಕೆ ಕಾರಣ. ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು. ತೊಡಕಿಗೆ ಹೆದರಿ ಶಸ್ತ್ರಚಿಕಿತ್ಸೆಯನ್ನೇ ಬೇಡವೆನ್ನುವುದು ದೊಡ್ಡ ನಷ್ಟ ಎಂದು ಮೊದಲನೆಯದು ಹೇಳುತ್ತದೆ. ಶಸ್ತ್ರಚಿಕಿತ್ಸೆ ಮುಗಿದೊಡನೆ ಕಣ್ಣಿನ ಚಿಂತೆ ಮುಗಿಯಲಿಲ್ಲ ಎಂದು ಎರಡನೆಯದು ಹೇಳುತ್ತದೆ.

ಆದ್ದರಿಂದ ನಿಮ್ಮಿಂದ ಆಗುವ ಕೆಲಸಗಳು ಇಷ್ಟು. ಅಳವಡಿಸಿದ ಮಸೂರದ ಶಕ್ತಿ ಬರೆದಿರುವ ಕಾರ್ಡನ್ನು ಜೋಪಾನವಾಗಿಡಿ, ಮುಂದೆ ಯಾವ ವೈದ್ಯರಿಗೆ ತೋರಿಸಿದರೂ ಅದು ಬೇಕಾಗುತ್ತದೆ. ಕಣ್ಣುಜ್ಜಿಕೊಳ್ಳದಂತೆ ಹಿರಿಯರಿಗೆ ನೆನಪಿಸಿ. ವೈದ್ಯರು ಮತ್ತೆ ಬರಹೇಳಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ತಿಂಗಳಿಗೊಮ್ಮೆ ಒಂದೊಂದೇ ಕಣ್ಣು ಮುಚ್ಚಿಸಿ, ಗೋಡೆಯ ಅದೇ ಕ್ಯಾಲೆಂಡರಿನ ಅಂಕಿಗಳನ್ನು ಓದಿಸಿ. ಕಳೆದ ತಿಂಗಳು ಓದಿದ್ದನ್ನು ಈ ತಿಂಗಳು ಓದಲಾಗದಿದ್ದರೆ, "ವಯಸ್ಸಾಯಿತಲ್ಲ ಮಗೂ, ಇನ್ನೆಷ್ಟು ಕಾಣಬೇಕು" ಎಂದು ಅವರು ಸುಮ್ಮನಾಗಬಹುದು. ನೀವು ಸುಮ್ಮನಾಗಬೇಡಿ. ಮಂಜಿಗೆ ವಯಸ್ಸಲ್ಲದೆ ಬೇರೆ ಕಾರಣಗಳೂ ಇವೆ, ಅವುಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆಯೂ ಇದೆ ಎಂದು ತಿಳಿಹೇಳಿ, ಕೈಹಿಡಿದು ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯಿರಿ.