ಓದುಗನ ಊರು ಮತ್ತು ಜಾಲತಾಣದ ಅಂಕಿಗಳು

ಗಳಗನಾಥರು (1869-1942) ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬುದು ವಾಚಕರಿಗೆ ತಿಳಿದ ಸಂಗತಿ. ಓದುಗರು ಎಲ್ಲಿರುವರೆಂಬುದನ್ನು ಅವರು ನಡೆದೇ ಅರಿತರು. 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯು ಚಂದಾದಾರರ ಪದ್ಧತಿಯನ್ನು ಹಿಡಿಯಿತು. ಚಂದಾದಾರನ ವಿಳಾಸವೇ ಪ್ರಕಾಶಕನಿಗೆ ಓದುಗನ ಊರನ್ನು ಹೇಳುತ್ತಿತ್ತು. ಇಂದು ಆ ಕೆಲಸವನ್ನು ಜಾಲತಾಣದ ಭೇಟಿಗಳ ಲೆಕ್ಕಕ್ಕೆ ಒಪ್ಪಿಸುವ ರೂಢಿ ಬೆಳೆದಿದೆ. ಪುಸ್ತಕದ ಪರಿಚಯವನ್ನು ಜಾಲತಾಣದಲ್ಲಿರಿಸಿದರೆ, ಅದನ್ನು ಯಾವ ಊರಿನಿಂದ ಎಷ್ಟು ಸಲ ತೆರೆಯಲಾಯಿತೆಂಬ ಕೋಷ್ಟಕವು ದೊರೆಯುತ್ತದೆ. ವರ್ಷಕ್ಕೆ ಒಂದೆರಡು ಊರುಗಳಲ್ಲಿ ಮಾತ್ರ ಪುಸ್ತಕ ಪ್ರದರ್ಶನವನ್ನು ಏರ್ಪಡಿಸಬಲ್ಲ ಹೊರನಾಡಿನ ಸಂಘಗಳಿಗೆ ಇದು ಉಪಯುಕ್ತವೇ ಸರಿ. ಆದರೆ ಅದನ್ನು ಓದುವ ಬಗೆಯನ್ನು ಅರಿತಿರಬೇಕು.

ಮುಖ್ಯ ತೊಡಕು ಊರಿನ ಹೆಸರಿನಲ್ಲಿಯೇ ಇದೆ. ಯಂತ್ರವು ಓದುಗನ ಮನೆಯನ್ನು ಕಾಣದು. ಅವನ ಅಂತರ್ಜಾಲ ಸಂಪರ್ಕಕ್ಕೆ ದೊರೆತ ಅಂಕೆಯ ವಿಳಾಸದಿಂದ ಊರನ್ನು ಊಹಿಸುತ್ತದೆ. ಮೊಬೈಲ್ ಸಂಪರ್ಕವಾದರೋ ಅನೇಕ ವೇಳೆ ಕಂಪನಿಯ ದೊಡ್ಡ ಕೇಂದ್ರವೊಂದರ ಮೂಲಕ ಹಾದು ಬರುತ್ತದೆ. ಒಂದೇ ವಿಳಾಸವನ್ನು ಅನೇಕರು ಹಂಚಿಕೊಂಡಿರುತ್ತಾರೆ. ನಾಸಿಕದ ಸಾತಪುರ ಕೈಗಾರಿಕಾ ವಸಾಹತಿನಲ್ಲಿ ಪಾಳಿ ಮುಗಿಸಿ ಬಂದು ಫೋನಿನಲ್ಲಿ ಕನ್ನಡ ಗ್ರಂಥವೊಂದರ ಪರಿಚಯವನ್ನು ಓದುವವನು ಕೋಷ್ಟಕದಲ್ಲಿ ಮುಂಬಯಿಯವನೆಂದೋ ಪುಣೆಯವನೆಂದೋ ದಾಖಲಾಗಬಹುದು. ಆಗ ಮುಂಬಯಿಯ ಸಂಖ್ಯೆ ಹಿಗ್ಗುತ್ತದೆ, ಸಾತಪುರ ಸೊನ್ನೆಯಾಗುತ್ತದೆ. ಸೊನ್ನೆಯನ್ನು ಕಂಡ ಕಾರ್ಯಕಾರಿ ಸಮಿತಿಯು ಅಲ್ಲಿಗೆ ಪುಸ್ತಕಗಳನ್ನು ಒಯ್ಯುವುದಿಲ್ಲ. ಒಯ್ಯದ ಕಡೆ ಮಾರಾಟವಿಲ್ಲ. ಮುಂದಿನ ವರ್ಷ ಆ ಸೊನ್ನೆಗೆ ಮಾರಾಟದ ಲೆಕ್ಕವೂ ಸಾಕ್ಷಿ ನುಡಿಯುತ್ತದೆ.

ಭೇಟಿಯೆಂದರೆ ಓದುಗನೂ ಅಲ್ಲ. ಅಮೆರಿಕದ ವರ್ಜೀನಿಯಾದ ಆ್ಯಶ್‌ಬರ್ನಿನಿಂದ ನೂರಾರು ಭೇಟಿಗಳು ಬಂದುವೆಂದು ಹಿಗ್ಗಬೇಕಾಗಿಲ್ಲ. ಅದು ದತ್ತಾಂಶ ಕೇಂದ್ರಗಳ ಊರು, ಬಂದವು ಯಂತ್ರಗಳಿರಬಹುದು. (ಅಲ್ಲಿ ಕನ್ನಡಿಗರೇ ಇಲ್ಲವೆಂದು ಇದರ ಅರ್ಥವಲ್ಲ.) ಜನಗಣತಿಯನ್ನು ನಂಬೋಣವೆಂದರೆ, 2011ರಲ್ಲಿ ಮಹಾರಾಷ್ಟ್ರದ ಕನ್ನಡ ಮಾತೃಭಾಷಿಕರು ಸುಮಾರು 10 ಲಕ್ಷ. ಆದರೆ ಅಕ್ಕಲಕೋಟೆ, ಜತ್ತಗಳಲ್ಲಿ ಕನ್ನಡ ಶಾಲೆಗಳುಂಟು. ನಾಸಿಕದಂಥ ಊರಿನಲ್ಲಿ ಬೆಳೆದ ಮಕ್ಕಳಲ್ಲಿ ಅನೇಕರು ಕನ್ನಡವನ್ನು ಆಡಬಲ್ಲರು, ಓದಲಾರರು.

ಹಾಗಾದರೆ ಯಾವ ಅಂಕಿಯನ್ನು ನೆಚ್ಚಬೇಕು? ಬೆಂಗಳೂರಿನ 1000 ಭೇಟಿಗಳಿಂದ 10 ಬೇಡಿಕೆಗಳೂ ನಾಸಿಕದ 40 ಭೇಟಿಗಳಿಂದ 6 ಬೇಡಿಕೆಗಳೂ ಬಂದುವೆಂದಿಟ್ಟುಕೊಳ್ಳೋಣ. ಭೇಟಿಯ ಊರು ಊಹೆಯದು. ಬೇಡಿಕೆಯ ಊರಾದರೋ ಓದುಗನೇ ಬರೆದುಕೊಟ್ಟದ್ದು. 422ರಿಂದ ಮೊದಲಾಗುವ ಪಿನ್ ಸಂಖ್ಯೆಯ ಆರು ವಿಳಾಸಗಳು ನನ್ನ ದೃಷ್ಟಿಯಲ್ಲಿ ಸಾವಿರ ಭೇಟಿಗಳಿಗಿಂತ ತೂಕದವು. ಆರು ಅಲ್ಪಸಂಖ್ಯೆಯೆಂಬುದು ನಿಜ. ಆರೂ ಒಂದೇ ಬಂಧುವರ್ಗದವಿರಬಹುದು. ಆದುದರಿಂದ ಪ್ರದರ್ಶನಕ್ಕೆ ಮುನ್ನ ಸಾತಪುರದಲ್ಲಿ ಹಂಚುವ ಕರಪತ್ರಕ್ಕೆ ಒಂದು ಕ್ಯೂಆರ್ ಸಂಕೇತವನ್ನೂ ಪುಣೆಯದಕ್ಕೆ ಮತ್ತೊಂದನ್ನೂ ಅಚ್ಚುಹಾಕಿಸಬೇಕು. ಎರಡೂ ಅದೇ ಪರಿಚಯವನ್ನೇ ತೆರೆಯಲಿ. ಲೆಕ್ಕ ಮಾತ್ರ ಬೇರೆಯಾಗಿ ಬೀಳಲಿ. ಆಗ ಓದುಗನ ಸಂಪರ್ಕವು ಮುಂಬಯಿಯ ಮೂಲಕ ಹಾದುಹೋದರೂ, ಕರಪತ್ರ ಅವನ ಕೈಸೇರಿದುದು ಸಾತಪುರದಲ್ಲಿ ಎಂಬುದು ದಾಖಲೆಯಲ್ಲಿ ಉಳಿಯುತ್ತದೆ.