ಕಂದಾಯ ಜಾಸ್ತಿ ಬಂತಾ? ಮೊದಲು ತಪ್ಪು ಎಲ್ಲಿದೆ ಹುಡುಕಿ

ಪಾಡ್‌ಕಾಸ್ಟ್ ಕಂತಿನ ಬರಹ ರೂಪ

ಏಪ್ರಿಲ್ ಬಂತು ಅಂದ್ರೆ ಮನೆಯಲ್ಲಿ ಹಳೇ ಕಂದಾಯ ರಸೀದಿಗಳ ಕವರ್ ಹೊರಗೆ ಬರುತ್ತೆ. "ಫೋನಲ್ಲೇ ಕಟ್ಟಬಹುದಂತಲ್ಲ, ನೋಡು" ಅಂತ ಅಪ್ಪ ಅದನ್ನ ನಿಮ್ಮ ಕೈಗೆ ಕೊಡ್ತಾರೆ. ತೆರೆದು ನೋಡಿದ್ರೆ ಹೋದ ವರ್ಷಕ್ಕಿಂತ ಮೊತ್ತ ಜಾಸ್ತಿ. ಈಗ ಬೈಕೊಂಡು ಕಟ್ಟೋದಾ, ಇಲ್ಲಾ ಕಟ್ಟದೇ ಕೂರೋದಾ? ಎರಡೂ ಬೇಡ. ಇವತ್ತು ಚಳ್ಳಕೆರೆ ಮತ್ತು ಮೊಳಕಾಲ್ಮುರು ಪಟ್ಟಣಗಳನ್ನ ಮುಂದಿಟ್ಟುಕೊಂಡು ಈ ಲೆಕ್ಕ ಬಿಡಿಸೋಣ.

ಮೊದಲು ಒಂದು ವಿಷಯ. ಚಳ್ಳಕೆರೆಯಲ್ಲಿ ನಗರಸಭೆ ಇದೆ, ಮೊಳಕಾಲ್ಮುರಿನಲ್ಲಿ ಪಟ್ಟಣ ಪಂಚಾಯಿತಿ. ಎರಡಕ್ಕೂ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಅನ್ವಯ. ತಳಕಿನಂಥ ಊರಲ್ಲಿದ್ರೆ ನಿಮ್ಮ ಕಂದಾಯ ಗ್ರಾಮ ಪಂಚಾಯಿತಿಗೆ ಹೋಗುತ್ತೆ, ಅಲ್ಲಿಗೆ 1993ರ ಪಂಚಾಯತ್ ರಾಜ್ ಕಾಯ್ದೆ. ಇವತ್ತು ಮಾತಾಡೋದು ಪಟ್ಟಣದ ಆಸ್ತಿ ಬಗ್ಗೆ ಮಾತ್ರ.

ಪಟ್ಟಣದಲ್ಲಿ ಇರೋದು ಸ್ವಯಂ ಘೋಷಣೆ ಪದ್ಧತಿ. ಅಂದ್ರೆ ನನ್ನ ಮನೆ ಇಷ್ಟು ಅಳತೆ, ಇಷ್ಟು ಹಳೆಯದು, ಇಂಥ ಬಳಕೆ ಅಂತ ಮಾಲೀಕರೇ ಬರೆದುಕೊಡಬೇಕು. ಅನುಮಾನ ಬಂದ್ರೆ ಕಚೇರಿಯವರು ಪರಿಶೀಲಿಸಿ ನೋಟಿಸ್ ಕೊಡಬಹುದು. ಹಾಗಾಗಿ ತಪ್ಪು ಅವರದ್ದೂ ಇರಬಹುದು, ಹತ್ತು ವರ್ಷದ ಹಿಂದೆ ನಮ್ಮ ಮನೆಯವರೇ ಅಂದಾಜಲ್ಲಿ ತುಂಬಿದ ಫಾರಂನದ್ದೂ ಇರಬಹುದು.

ಎಷ್ಟು ಏರಿದೆ ಅಂತ ಮೊದಲು ನೋಡಿ. ಪಟ್ಟಣಗಳಲ್ಲಿ ಪ್ರತಿ ವರ್ಷ ಶೇ 3ರಿಂದ 5ರಷ್ಟು ಏರಿಸೋ ನಿಯಮ ಇದೆ. ಅಷ್ಟರೊಳಗೆ ಇದ್ರೆ ಅದು ತಪ್ಪಲ್ಲ. ಅದಕ್ಕಿಂತ ತುಂಬಾ ಜಾಸ್ತಿ ಇದ್ರೆ ನಾಲ್ಕು ಕಡೆ ಕಣ್ಣಾಡಿಸಿ.

ಒಂದು, ಅಳತೆ. ಟೇಪ್ ಹಿಡಿದು ನೀವೇ ಅಳೆಯಿರಿ, ಖಾತೆಯಲ್ಲಿರೋ ಚದರಡಿ ಜೊತೆ ಹೋಲಿಸಿ.

ಎರಡು, ಕಟ್ಟಡದ ವಯಸ್ಸು. ಹಳೆಯ ಕಟ್ಟಡಕ್ಕೆ ಸವಕಳಿ ಕಳೆಯಬೇಕು. ಅಜ್ಜನ ಕಾಲದ ಮನೆಗೆ ಹೊಸ ಆರ್‌ಸಿಸಿ ಮನೆಯ ಲೆಕ್ಕ ಹಾಕಿದ್ರೆ ಅದು ಆಕ್ಷೇಪಣೆಗೆ ಒಳ್ಳೇ ಕಾರಣ.

ಮೂರು, ಬಳಕೆ. ಇದು ಮೊಳಕಾಲ್ಮುರಿನವರು ಗಮನಿಸಬೇಕಾದ್ದು. ಇಲ್ಲಿ ರೇಷ್ಮೆ ಸೀರೆ ನೇಯೋ ಎಷ್ಟೋ ಮನೆಗಳಲ್ಲಿ ಮಗ್ಗ ಇರೋದು ನಡುಮನೆಯಲ್ಲೇ. ಅಲ್ಲೇ ನೇಯ್ಗೆ, ಅಲ್ಲೇ ಊಟ, ಅಲ್ಲೇ ನಿದ್ದೆ. ಇಂಥ ಮನೆ ವಾಣಿಜ್ಯ ಬಳಕೆ ಅಂತ ದಾಖಲಾದ್ರೆ ದರವೇ ಬೇರೆ ಆಗುತ್ತೆ. ಎಷ್ಟು ಜಾಗದಲ್ಲಿ ಮಗ್ಗ ಇದೆ, ಎಷ್ಟರಲ್ಲಿ ಸಂಸಾರ ಇದೆ ಅಂತ ಫೋಟೊ ಸಮೇತ ತೋರಿಸಿ.

ನಾಲ್ಕು, ಜಾಗದ ಮಾರ್ಗಸೂಚಿ ದರ. ಇದನ್ನ ನಿಗದಿ ಮಾಡೋದು ನಗರಸಭೆ ಅಲ್ಲ, ನೋಂದಣಿ ಮತ್ತು ಮುದ್ರಾಂಕ ಇಲಾಖೆ. ಅದರ ಒಂದು ಭಾಗ ಹಿಡಿದೇ ಕಂದಾಯ ಲೆಕ್ಕ ಆಗುತ್ತೆ. ಒಂದು ಉದಾಹರಣೆ ಅಂದ್ಕೊಳ್ಳಿ: ಮುಖ್ಯರಸ್ತೆಗೆ ಚದರಡಿಗೆ 900 ರೂಪಾಯಿ, ಒಳಗಿನ ಅಡ್ಡರಸ್ತೆಗೆ 600. ಚಳ್ಳಕೆರೆಯ ಬಳ್ಳಾರಿ ರಸ್ತೆಯಿಂದ ಎರಡು ಅಡ್ಡರಸ್ತೆ ಒಳಗಿರೋ ನಿಮ್ಮ ಮನೆ ಮುಖ್ಯರಸ್ತೆ ಪಟ್ಟಿಗೆ ಸೇರಿಬಿಟ್ಟರೆ, ಜಾಗದ ಲೆಕ್ಕ ಒಂದೂವರೆ ಪಟ್ಟು ಆಗುತ್ತೆ. ನಿಮ್ಮ ರಸ್ತೆಯ ದರ ಎಷ್ಟು ಅಂತ 'ಕಾವೇರಿ' ಪೋರ್ಟಲ್‌ನಲ್ಲಿ ನೋಡಬಹುದು.

ಇನ್ನೊಂದು ಮಾತು. ಗ್ರಂಥಾಲಯ ಕರ ಶೇ 6, ಆರೋಗ್ಯ ಕರ ಶೇ 15, ಭಿಕ್ಷುಕರ ಕರ ಶೇ 3. ಇವೆಲ್ಲ ಕಂದಾಯದ ಮೇಲೇ ಕೂಡೋದು. ಅಂದ್ರೆ ಕಂದಾಯದಲ್ಲಿ 100 ರೂಪಾಯಿ ತಪ್ಪಾದ್ರೆ ನಿಮ್ಮ ಜೇಬಿಂದ ಹೋಗೋದು 124.

ತಪ್ಪು ಸಿಕ್ತು. ಮುಂದೆ? ಕೌಂಟರ್‌ನಲ್ಲಿ ನಿಂತು ಜಗಳ ಆಡಿದ್ರೆ ದಾಖಲೆ ಉಳಿಯಲ್ಲ. ಚಳ್ಳಕೆರೆಯಲ್ಲಾದ್ರೆ ಪೌರಾಯುಕ್ತರಿಗೆ, ಮೊಳಕಾಲ್ಮುರಿನಲ್ಲಾದ್ರೆ ಮುಖ್ಯಾಧಿಕಾರಿಗೆ ಒಂದು ಪುಟದ ಅರ್ಜಿ ಬರೆಯಿರಿ. "ತೆರಿಗೆ ಜಾಸ್ತಿ ಆಯ್ತು" ಅಂತಲ್ಲ. "ದಾಖಲೆಯಲ್ಲಿ 1,200 ಚದರಡಿ ಇದೆ, ನಿಜ ಅಳತೆ 960" ಅಂತ. ಖಾತೆ, ಕ್ರಯಪತ್ರ, ಹಳೇ ರಸೀದಿ, ಫೋಟೊ ಲಗತ್ತಿಸಿ. ಇನ್ನೊಂದು ಪ್ರತಿಗೆ ಸೀಲು ಹಾಕಿಸಿ ಸ್ವೀಕೃತಿ ತಗೊಳ್ಳಿ. ನೋಟಿಸ್ ಬಂದಿದ್ರೆ ಅದರಲ್ಲಿ ಹೇಳಿರೋ ಗಡುವು ಮೀರಬೇಡಿ. ಲೆಕ್ಕ ಹೇಗೆ ಹಾಕಿದ್ರು ಅಂತ ಹೇಳದಿದ್ರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು.

ಅಲ್ಲಿಯವರೆಗೆ ಕಟ್ಟದೇ ಇರಬಹುದಾ? ಬೇಡ. ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದ್ರೆ ಶೇ 5 ರಿಯಾಯಿತಿ. ಜೂನ್ ದಾಟಿದ್ರೆ ತಿಂಗಳಿಗೆ ಶೇ 2 ದಂಡ, ವರ್ಷಕ್ಕೆ ಲೆಕ್ಕ ಹಾಕಿ ನೋಡಿ. "ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದ್ದೇನೆ" ಅಂತ ಅರ್ಜಿಯಲ್ಲಿ ಬರೆದು ಕಟ್ಟಿ.

ತಪ್ಪು ನಿಮಗೆ ಲಾಭ ಆಗೋ ಕಡೆ ಇದ್ರೂ ಸುಮ್ಮನಿರಬೇಡಿ. ಬೆಂಗಳೂರಲ್ಲಿ 2016ರಲ್ಲಿ ವಲಯಗಳು ಬದಲಾದಾಗ ತುಂಬಾ ಜನ ಹಳೇ ವಲಯದ ಲೆಕ್ಕದಲ್ಲೇ ಕಟ್ಟಿದ್ರು. ವರ್ಷಗಳಾದ ಮೇಲೆ ಸಾವಿರಾರು ಮಂದಿಗೆ ಬಾಕಿ, ಬಡ್ಡಿ, ದಂಡದ ನೋಟಿಸ್ ಬಂತು.

ಈಗ ಮಾರ್ಗಸೂಚಿ ದರವೇ ಅನ್ಯಾಯ ಅನ್ನಿಸಿದ್ರೆ? ಅದನ್ನ ನಗರಸಭೆಯಲ್ಲಿ ಕೇಳಿ ಪ್ರಯೋಜನ ಇಲ್ಲ. ದರ ಪರಿಷ್ಕರಣೆಯ ಕರಡು ಪ್ರಕಟ ಆದಾಗ ಸಾರ್ವಜನಿಕರಿಂದ ಆಕ್ಷೇಪಣೆ ಕರೀತಾರೆ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಹೊಸ ದರ ಬಂದಾಗಲೂ ಹೀಗೇ ಕರೆದಿದ್ರು. ಆ ಕೆಲವೇ ದಿನಗಳು ಯಾರ ಗಮನಕ್ಕೂ ಬರದೆ ಕಳೆದುಹೋಗುತ್ತೆ, ಬಿಲ್ ಬಂದಾಗ ಊರೆಲ್ಲ ಮಾತಾಡುತ್ತೆ.

ಆದ್ರೆ ಅಲ್ಲೂ ಯೋಚನೆ ಮಾಡಿ ಹೆಜ್ಜೆ ಇಡಿ. ನಾಳೆ ನಿಮ್ಮ ಜಾಗ ಹೆದ್ದಾರಿಗೋ ಸರ್ಕಾರದ ಯೋಜನೆಗೋ ಹೋದ್ರೆ, 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಪರಿಹಾರಕ್ಕೆ ನೋಡೋ ಬೆಲೆಗಳಲ್ಲಿ ಈ ಮಾರ್ಗಸೂಚಿ ದರವೂ ಒಂದು. ಕಂದಾಯದಲ್ಲಿ ನೂರಿನ್ನೂರು ಉಳಿಸೋಕೆ ಹೋಗಿ ಪರಿಹಾರದಲ್ಲಿ ಲಕ್ಷ ಕಳಕೊಳ್ಳಬಾರದು. ಕೇಳಬೇಕಾದ್ದು ಕಡಿಮೆ ದರ ಅಲ್ಲ, ಸರಿಯಾದ ದರ.

ಕಾನೂನಿನ ಅಧಿಕಾರ ಇಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ ಅಂತ ಸಂವಿಧಾನದ 265ನೇ ವಿಧಿ ಹೇಳುತ್ತೆ. ಹಾಗಾಗಿ "ಈ ಅಂಕಿ ಎಲ್ಲಿಂದ ಬಂತು?" ಅಂತ ಕೇಳೋದು ತಕರಾರಲ್ಲ, ಹಕ್ಕು. ಇವತ್ತು ಸಂಜೆ ಆ ಕವರ್ ತೆಗೀರಿ, ಅಪ್ಪನ ಜೊತೆ ಕೂತು ಅಳತೆ, ವಯಸ್ಸು, ಬಳಕೆ, ರಸ್ತೆ ನಾಲ್ಕನ್ನೂ ನೋಡಿ. ಮುಂದಿನ ಕಂತಲ್ಲಿ ಸಿಗೋಣ.