ಇಪ್ಪತ್ತೆರಡರ ಹೃದಯ

ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು ನಡುವಯಸ್ಸು ದಾಟಿದವರ ಕಾಯಿಲೆ ಎಂಬ ನಂಬಿಕೆ ಬಲವಾಗಿದ್ದ ಕಾಲ. ಕೊರಿಯಾ ಯುದ್ಧದಲ್ಲಿ ಮಡಿದ ಅಮೆರಿಕದ ಸೈನಿಕರ ಶವಪರೀಕ್ಷೆ ಮಾಡುತ್ತಿದ್ದ ಸೇನಾ ವೈದ್ಯರಾದ ಎನೋಸ್, ಹೋಮ್ಸ್ ಮತ್ತು ಬೇಯರ್ ಆ ನಂಬಿಕೆಯನ್ನೇ ಅಲುಗಾಡಿಸಿದರು. ಅವರು ಪರೀಕ್ಷಿಸಿದ್ದು 300 ಹೃದಯ. ಸತ್ತವರ ಸರಾಸರಿ ವಯಸ್ಸು 22. ನೂರಕ್ಕೆ 77 ಮಂದಿಯ ನಾಳಗಳಲ್ಲಿ ರೋಗದ ಗುರುತು ಬರಿಗಣ್ಣಿಗೇ ಕಾಣುತ್ತಿತ್ತು. ಕೆಲವರಲ್ಲಿ ನಾಳದ ಒಳಗೋಡೆ ಒಂದಿಷ್ಟು ದಪ್ಪಗಾಗಿತ್ತು, ಅಷ್ಟೆ. ಇನ್ನು ಕೆಲವರಲ್ಲಿ ಕೊಬ್ಬು ಬೆಳೆದು ದೊಡ್ಡ ನಾಳವೇ ಪೂರ್ತಿ ಮುಚ್ಚಿಹೋಗಿತ್ತು. ಬಂದೂಕು ಹೊತ್ತು ಗುಡ್ಡ ಹತ್ತುತ್ತಿದ್ದ ಹುಡುಗರು ಇವರು! ವರದಿ ಪ್ರಕಟವಾದದ್ದು 1953ರಲ್ಲಿ.

ಹತ್ತು ವರ್ಷದ ಮೇಲೆ ಬ್ರಿಟಿಷ್ ವಾಯುಪಡೆಯ ರೋಗಶಾಸ್ತ್ರಜ್ಞ ಮೇಸನ್, ವಿಮಾನ ಅಪಘಾತಗಳಲ್ಲಿ ಸತ್ತ ಯುವಕರಲ್ಲೂ ಇಂಥದೇ ಸದ್ದಿಲ್ಲದ ರೋಗವನ್ನು ಕಂಡರು. ಪೈಲಟ್‌ನ ಮಟ್ಟಿಗೆ ಇದು ಇನ್ನೂ ಗಂಭೀರ. ಒಂದೇ ಸೀಟಿನ ಯುದ್ಧವಿಮಾನದಲ್ಲಿ ಅವನಿಗೆ ಎದೆ ಹಿಡಿದುಕೊಂಡರೆ ವಿಮಾನ ಇಳಿಸಲು ಇನ್ನೊಬ್ಬನಿಲ್ಲ.

ಆದರೆ ಬದುಕಿರುವವನ ಹೃದಯವನ್ನು ಕೊಯ್ದು ನೋಡುವುದು ಹೇಗೆ? ದಾರಿ ತೋರಿಸಿದ್ದು ರಕ್ತ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜಾನ್ ಗಾಫ್ಮನ್ ರಕ್ತದ ಸೀರಮ್‌ಗೆ ಉಪ್ಪು ಬೆರೆಸಿ ಸಾಂದ್ರತೆ ಹೆಚ್ಚಿಸಿದರು, ಅಲ್ಟ್ರಾಸೆಂಟ್ರಿಫ್ಯೂಜ್‌ನಲ್ಲಿ ಗಿರ್ರನೆ ತಿರುಗಿಸಿದರು. ಉಳಿದ ಪ್ರೋಟೀನುಗಳು ತಳಕ್ಕಿಳಿದರೆ, ಕೊಬ್ಬು ಹೊತ್ತ ಕಣಗಳು ಮೊಸರು ಕಡೆದಾಗಿನ ಬೆಣ್ಣೆಯಂತೆ ಮೇಲೆ ತೇಲಿದವು. ಆ ಕಣಗಳೆಲ್ಲ ಒಂದೇ ಜಾತಿಯವಲ್ಲ ಎಂಬುದೇ ಅವರ ದೊಡ್ಡ ಶೋಧ. ಒಟ್ಟು ಕೊಲೆಸ್ಟರಾಲ್‌ಗಿಂತ, ಅದನ್ನು ಯಾವ ಕಣ ಹೊತ್ತಿದೆ ಎಂಬುದು ಮುಖ್ಯವೆಂದು ಅವರು 1950ರಲ್ಲೇ ವಾದಿಸಿದರು. ಇಂದಿನ ರಕ್ತಪರೀಕ್ಷೆಯ ರಿಪೋರ್ಟಿನ ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟರಾಲ್), ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟರಾಲ್) ಸಾಲುಗಳ ಬೇರು ಅಲ್ಲಿದೆ.

ಬದುಕುವ ರೀತಿಗೂ ಈ ಅಂಕಿಗಳಿಗೂ ಇರುವ ನಂಟು ಆಮೇಲೆ ಒಂದೊಂದಾಗಿ ಬಿಚ್ಚಿಕೊಂಡಿತು. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ ಪೀಟರ್ ವುಡ್, ನಡುವಯಸ್ಸಿನ ದೂರದ ಓಟಗಾರರಲ್ಲಿ ಎಚ್‌ಡಿಎಲ್ ಹೆಚ್ಚಿರುವುದನ್ನು ತೋರಿಸಿದರು. ಸಿಗರೇಟು ಎಚ್‌ಡಿಎಲ್ ಇಳಿಸುತ್ತದೆ. ಮದ್ಯ ರಕ್ತದಲ್ಲಿನ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ ಅನ್ನು ಏರಿಸುತ್ತದೆ. ಹಿಂದಿನ ದಿನದ ಕಠಿಣ ಕಸರತ್ತಿನಿಂದ ಯಕೃತ್ತಿನ ಪರೀಕ್ಷೆಯ ಎಎಸ್‌ಟಿ ಕೂಡ ಏರಬಹುದು, ಏಕೆಂದರೆ ಆ ಕಿಣ್ವ ಸ್ನಾಯುಗಳಲ್ಲೂ ಇದೆ. 1957ರಲ್ಲಿ ಬೆಂಗಳೂರಿನಲ್ಲಿ ಶುರುವಾದ ನಮ್ಮ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಂಥ ಕಡೆ ಪೈಲಟ್‌ನ ರಿಪೋರ್ಟನ್ನು ಅವನ ಊಟ, ನಿದ್ರೆ, ವ್ಯಾಯಾಮಗಳ ಜೊತೆಗಿಟ್ಟು ಓದಬೇಕಾಗುವುದು ಇದಕ್ಕೇ.

ನೀವೂ ಪರೀಕ್ಷೆಗೆ ರಕ್ತ ಕೊಡುವಾಗ ಹಿಂದಿನ ದಿನದ ಕುಡಿತ, ಕಸರತ್ತುಗಳನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ. ಒಂದು ದಿನದ ಪಥ್ಯದಿಂದ ಟ್ರೈಗ್ಲಿಸರೈಡ್ ಇಳಿದೀತು, ಎಲ್‌ಡಿಎಲ್ ಇಳಿಯಲು ವಾರಗಳೇ ಬೇಕು.